ಸೇದದ ಬೀಡಿಯನ್ನು ಬಿಟ್ಟ ಕತೆ

ಸಿಂಚನಾ, ಇಂಚರಾ, ನಿಮ್ಮ ಅಜ್ಜಿ ಬೀಡಿ ಸೇದುತ್ತಾಳೆ ಎಂದು ನಮ್ಮ ಊರಿನಲ್ಲಿ ಒಂದು ಮಾತು ಓಡಾಡಿತ್ತು. ನಿಮ್ಮ ಕಿವಿಗೂ ಬಿದ್ದಿರಬಹುದು. ಬಿದ್ದಿದ್ದರೂ ನೀವು ನನ್ನನ್ನು ಕೇಳಲಿಲ್ಲ. ಕೇಳಬೇಕಾದ್ದನ್ನು ಕೇಳದೆ ಇರುವ ವಿದ್ಯೆ ನಮ್ಮ ಮನೆಯ ಮಕ್ಕಳಿಗೆ ಶಾಲೆಗೆ ಹಾಕುವ ಮೊದಲೇ ಬಂದುಬಿಡುತ್ತದೆ.

ಈಗ ನಾನು ದೊಡ್ಡಬಳ್ಳಾಪುರದ ಒಂದು ಆಸ್ಪತ್ರೆಯಲ್ಲಿ, ಆಪರೇಷನ್ ಕೋಣೆಯ ಎದುರಿನ ಬೆಂಚಿನ ಮೇಲೆ ಕೂತಿದ್ದೇನೆ. ನಿಮ್ಮಪ್ಪನನ್ನು ಒಳಗೆ ಕರೆದುಕೊಂಡು ಹೋಗಿ ಇಪ್ಪತ್ತು ನಿಮಿಷವಾಯಿತು. ನಿಮ್ಮಮ್ಮ ಔಷಧಿ ತರಲು ಕೆಳಗೆ ಹೋಗಿದ್ದಾಳೆ. ಕೈಗೆ ಏನಾದರೂ ಕೆಲಸ ಬೇಕು. ಅದಕ್ಕೇ ಸಿಂಚನಾಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ನಾನು ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ನಾಲ್ಕು ಜನರ ಮುಂದೆ ಬಾಯಿ ಬಿಡಲು ನಾಚಿಕೆ, ಹಾಳೆಯ ಮುಂದೆ ಅಷ್ಟಿಲ್ಲ. ಆದರೂ ಯಾರಾದರೂ ಪಕ್ಕದಲ್ಲಿ ಬಂದು ಕೂತರೆ ನೋಟ್‌ಬುಕ್ಕಿನ ಮೇಲೆ ಸೆರಗು ಎಳೆದುಕೊಳ್ಳುತ್ತೇನೆ.

ನಿಮಗೆ ಎರಡು ಪುಸ್ತಕಗಳ ವಿಷಯ ಹೇಳಬೇಕಾಗಿದೆ. ಒಂದು ಬಣ್ಣದ ಚಿತ್ರಗಳಿರುವ ಮಕ್ಕಳ ಪುಸ್ತಕ. ಇನ್ನೊಂದು ಬೀಡಿ ಸಿಗರೇಟು ಬಿಡುವುದು ಹೇಗೆ ಎಂದು ಹೇಳಿಕೊಡುವ ಪುಸ್ತಕ. ಒಂದೇ ದಿನ, ಒಂದೇ ಕೈಚೀಲದಲ್ಲಿ ಇವೆರಡನ್ನೂ ಹಾಕಿಕೊಂಡು ಬಂದವಳು ಸಾಸಲು ಹೋಬಳಿಯಲ್ಲಿ ನಾನೊಬ್ಬಳೇ ಇರಬೇಕು. ಆದರೆ ಪುಸ್ತಕದ ವಿಷಯಕ್ಕೆ ಬರುವ ಮೊದಲು ಕೆಮ್ಮಿನ ವಿಷಯ ಹೇಳದಿದ್ದರೆ ನಿಮಗೆ ಏನೂ ಅರ್ಥವಾಗುವುದಿಲ್ಲ.

ಕೆಮ್ಮಿನಲ್ಲಿ ಎರಡು ಜಾತಿ. ಎದೆಯಿಂದ ಬರುವುದು ಕಾಯಿಲೆ, ಗಂಟಲಿನಿಂದ ಬರುವುದು ಮರ್ಯಾದೆ. ನಾನು ಮದುವೆಯಾಗಿ ಬಂದಾಗ ನನ್ನ ಮಾವ ಹಟ್ಟಿಯ ಬಾಗಿಲಲ್ಲಿ ನಿಂತು ಒಂದು ಸಲ ಕೆಮ್ಮಿ ಆಮೇಲೆ ಒಳಗೆ ಬರುತ್ತಿದ್ದರು. ಸೊಸೆ ಕಾಲು ಚಾಚಿ ಕೂತಿದ್ದರೆ ಎದ್ದು ನಿಲ್ಲಲಿ, ಸೆರಗು ಜಾರಿದ್ದರೆ ಎಳೆದುಕೊಳ್ಳಲಿ ಎಂದು. ನಾನು ಅತ್ತೆಯಾದ ಮೇಲೆ ಆ ಕೆಮ್ಮು ನನಗೆ ಬಂತು. ನಿಮ್ಮಪ್ಪ ಕೆಲಸ ಮುಗಿಸಿ ಬಂದು, ಕಾಫಿ ಕುಡಿದು, ಬಚ್ಚಲ ಹಿಂದಿನ ನುಗ್ಗೆ ಮರದ ಹತ್ತಿರ ಹೋಗುತ್ತಾನೆ. ಏಕೆ ಹೋಗುತ್ತಾನೆ ಎಂದು ನನಗೆ ಗೊತ್ತು. ನನಗೆ ಗೊತ್ತು ಎಂದು ಅವನಿಗೂ ಗೊತ್ತು. ಆದರೆ ತಾಯಿಯ ಮುಂದೆ ಸೇದಬಾರದು, ಮಗ ಸೇದುವುದನ್ನು ತಾಯಿ ನೋಡಬಾರದು. ಹಾಗಾಗಿ ನಾನು ಸೌದೆಗೋ ಬೆರಣಿಗೋ ಆ ಕಡೆ ಹೋಗಬೇಕಾದಾಗ ಮೂಲೆಯಲ್ಲಿ ನಿಂತು ಕೆಮ್ಮುತ್ತಿದ್ದೆ. ಅಷ್ಟರಲ್ಲಿ ಅವನು ಸಿಗರೇಟನ್ನು ತುಳಿದು, ಮರವನ್ನು ಮೇಲೆ ಕೆಳಗೆ ನೋಡುತ್ತಾ ನಿಂತಿರುತ್ತಿದ್ದ. ಇಪ್ಪತ್ತು ವರ್ಷ ಹೀಗೆ ನಡೆಯಿತು. ಒಂದು ನುಗ್ಗೆ ಮರವನ್ನು ಇಷ್ಟು ಶ್ರದ್ಧೆಯಿಂದ ನೋಡಿದವರು ತೋಟಗಾರಿಕೆ ಇಲಾಖೆಯಲ್ಲೂ ಇರಲಾರರು.

ಇದರಿಂದ ಯಾರಿಗೂ ತೊಂದರೆಯಿಲ್ಲ ಎಂದುಕೊಂಡಿದ್ದೆ. ತೊಂದರೆ ಗೊತ್ತಾದದ್ದು ಇದೇ ಆಸ್ಪತ್ರೆಯಲ್ಲಿ.

ನಿಮ್ಮಪ್ಪ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಭಾರ ಎತ್ತಿ ಎತ್ತಿ ಹರ್ನಿಯಾ ತಂದುಕೊಂಡ. ತೋರಿಸಲು ಹೋದ ದಿನ ಜೊತೆಯಲ್ಲಿ ನಾನೂ ಇದ್ದೆ. ಡಾಕ್ಟರು ಪರೀಕ್ಷೆ ಮಾಡಿ, ಬರೆದುಕೊಳ್ಳುತ್ತಾ ಕೇಳಿದರು.

"ಬೀಡಿ, ಸಿಗರೇಟು ಅಭ್ಯಾಸ ಇದೆಯಾ?"

ನಿಮ್ಮಪ್ಪ ಒಂದು ಗಳಿಗೆ ನನ್ನ ಕಡೆ ನೋಡಿದ.

"ಇಲ್ಲ ಸಾರ್."

"ಇದ್ರೆ ಹೇಳಿಬಿಡಿ. ಸೇದೋರಾದ್ರೆ ನಾಲ್ಕು ವಾರ ಪೂರ್ತಿ ಬಿಟ್ಟಮೇಲೇ ನಾನು ಕೈ ಹಾಕೋದು. ಮತ್ತಿನ ಔಷಧಿ ಕೊಟ್ಟಾಗ ಉಸಿರಿಗೆ ತೊಂದರೆ ಆಗುತ್ತೆ. ಆಮೇಲೆ ಕೆಮ್ಮು ಹತ್ತಿದ್ರೆ ಹೊಲಿಗೆ ನಿಲ್ಲಲ್ಲ."

"ಇಲ್ಲ ಸಾರ್. ಆ ಅಭ್ಯಾಸ ಇಲ್ಲ."

ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಅವನು ನುಗ್ಗೆ ಮರ ನೋಡುತ್ತಿದ್ದ ಹಾಗೆಯೇ. ಡಾಕ್ಟರು "ಇಲ್ಲ" ಎಂದು ಬರೆದುಕೊಂಡು, ಹತ್ತು ದಿನಕ್ಕೆ ಆಪರೇಷನ್ ಎಂದು ಹೇಳಿದರು. ನಾನು ಆ ಕೋಣೆಯಲ್ಲಿ ಇಲ್ಲದಿದ್ದರೆ ಅವನು ನಿಜ ಹೇಳುತ್ತಿದ್ದ. ನಾನಿದ್ದೆ ಎಂದೇ ಸುಳ್ಳು ಹೇಳಿದ. ಹೇಳಿದ್ದು ಸುಳ್ಳು ಎಂದು ಗೊತ್ತಿದ್ದೂ ನಾಚಿಕೆಯಿಂದ ನಾನು ಬಾಯಿ ತೆರೆಯಲಿಲ್ಲ. ಬಸ್ಸಿನಲ್ಲಿ ಬರುವಾಗ ಹತ್ತು ದಿನ, ಹತ್ತು ದಿನ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ನಿಮ್ಮ ತಾತನ ಕೊನೆಯ ವರ್ಷದ ಕೆಮ್ಮನ್ನು ಕೇಳಿದವಳು ನಾನು. ಎದೆಯಿಂದ ಬರುವ ಜಾತಿ. ಅದು ಯಾರಿಗೂ ಮರ್ಯಾದೆ ಕೊಡುವುದಿಲ್ಲ.

ಮನೆಗೆ ಬಂದು ನಿಮ್ಮಮ್ಮನಿಗೆ ಹೇಳಿದೆ. "ನಾನು ಹೇಳಿ ಹೇಳಿ ಸಾಕಾಗೈತೆ ಅತ್ತೆ, ಮೈಮೇಲೇ ಬರ್ತಾರೆ. ನೀವೇ ಹೇಳಿ, ನಿಮ್ಮ ಮಾತು ತೆಗೆದುಹಾಕಲ್ಲ," ಅಂದಳು. ಎರಡು ದಿನ ಮಾತು ಜೋಡಿಸಿದೆ. ರಾಗಿ ಬೀಸಿಸಲು ಹೋದಾಗ ಮಿಷನ್ ಸದ್ದಿನಲ್ಲಿ ಗಟ್ಟಿಯಾಗಿ ಹೇಳಿಯೂ ನೋಡಿದೆ. ಮಗ ಎದುರಿಗೆ ಬಂದರೆ "ಊಟಕ್ಕಿಡ್ಲೇನಪ್ಪಾ?" ಎನ್ನುವುದೊಂದೇ ಬಾಯಿಗೆ ಬರುತ್ತಿತ್ತು. ಹೇಳಲು ಬಾರದವರಿಗೆ ಪುಸ್ತಕವೇ ಗತಿ ಎಂದು ಪಂಚಾಯಿತಿಯ ಗ್ರಂಥಾಲಯಕ್ಕೆ ಹೋದೆ.

ಅಲ್ಲಿನ ಮೇಡಂ ಶೋಭಾ, ನಿಮಗೆ ಗೊತ್ತಲ್ಲ, ಒಳ್ಳೆಯ ಹುಡುಗಿ, ಗಂಟಲು ಮಾತ್ರ ದೊಡ್ಡದು. ಮೊದಲು ಇಂಚರಾಗೆ ಎಂದು ಒಂದು ಚಿತ್ರದ ಪುಸ್ತಕ ಆರಿಸಿಕೊಂಡೆ. ಆಮೇಲೆ ಮೇಜಿನ ಹತ್ತಿರ ಬಗ್ಗಿ, ಮೆಲ್ಲಗೆ ಕೇಳಿದೆ.

"ಬೀಡಿ ಸಿಗರೇಟು ಬಿಡೋಕೆ ಏನಾರಾ ಪುಸ್ತಕ ಐತೇನವ್ವ?"

"ಬೀಡಿ ಬಿಡೋದಾ? ಐತಲ್ಲಜ್ಜಿ! ಯಾರಿಗೆ?"

ಪೇಪರ್ ಓದುತ್ತಿದ್ದ ಮೂವರು ಗಂಡಸರ ಪೇಪರು ಒಟ್ಟಿಗೆ ಕೆಳಗಿಳಿಯಿತು. ಅದರಲ್ಲೊಬ್ಬ ರವಿ, ನಿಮ್ಮಪ್ಪನ ಫ್ಯಾಕ್ಟರಿಯವನೇ. ನನ್ನ ಮಗನಿಗೆ ಅಂದರೆ ಮಾರನೆಯ ದಿನ ಫ್ಯಾಕ್ಟರಿಯಲ್ಲೆಲ್ಲ ಹಬ್ಬುತ್ತದೆ. ತಾಯಿಯೇ ಹೋಗಿ ಮಗನ ಮಾನ ಕಳೆದಳು ಅನ್ನುತ್ತಾರೆ. ಏನು ಮಾಡಲಿ?

"ನಂಗೇ ಕಣವ್ವ," ಅಂದೆ.

"ಅಯ್ಯೋ ಅಜ್ಜಿ! ದಿನಕ್ಕೆ ಎಷ್ಟು ಸೇದ್ತೀರಾ?"

"ಎಣಿಸಿಲ್ಲ," ಅಂದುಬಿಟ್ಟೆ. ಶೋಭಾ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಎದುರಿಗೆ ಪುಸ್ತಕದ ಹೆಸರನ್ನು ದುಂಡಗೆ ಬರೆದಳು. ಆ ರಿಜಿಸ್ಟರು ಯಾವಾಗಲೂ ಮೇಜಿನ ಮೇಲೆ ತೆರೆದೇ ಇರುತ್ತದೆ. ನಾನು ಮನೆ ಸೇರುವ ಮೊದಲೇ ಸುದ್ದಿ ಹಾಲಿನ ಡೈರಿ ಸೇರಿತ್ತು. ಸಂಜೆ ಹಾಲು ಹಾಕಲು ಹೋದರೆ ಪಕ್ಕದ ಮನೆಯ ಗಂಗಮ್ಮ ಸಾಲಿನ ಹಿಂದಿನಿಂದ ಕೂಗಿದಳು: "ಏನಕ್ಕಾ, ಈ ವಯಸ್ಸಲ್ಲಿ ಶೋಕಿ! ನಮ್ಗೂ ಒಂದು ದಮ್ಮು ಕೊಡಬಾರ್ದಾಗಿತ್ತಾ?" ಎಲ್ಲರೂ ನಕ್ಕರು. ನಾನು ಹಾಲು ಹಾಕಿ, ಚೀಟಿಯನ್ನೂ ತೆಗೆದುಕೊಳ್ಳದೆ ಮನೆಗೆ ಬಂದೆ.

ಈಗ ಚಿತ್ರದ ಪುಸ್ತಕಕ್ಕೆ ಬರುತ್ತೇನೆ. ದೊಡ್ಡವರು ಇಂಥ ಪುಸ್ತಕವನ್ನು ಓದುವುದಿಲ್ಲ, ಅಕ್ಷರ ಓದಿ ಹಾಳೆ ತಿರುಗಿಸುತ್ತಾರೆ. ನಾನೂ ಅಷ್ಟೇ. ಕತೆ ಏನೆಂದರೆ, ಒಂದು ಕೋತಿಮರಿಗೆ ಎಲ್ಲಿಂದಲೋ ಮುರಿದ ಛತ್ರಿಯ ಹಿಡಿಕೆ ಸಿಗುತ್ತದೆ. ಅದನ್ನು ಕೈಯಿಂದ ಬಿಡುವುದಿಲ್ಲ. ಒಂದು ಕೈಯಲ್ಲಿ ಹಿಡಿಕೆ ಇದ್ದರೆ ಮರ ಹತ್ತುವುದು ಹೇಗೆ? ಬೀಳುತ್ತದೆ, ಮತ್ತೆ ಹತ್ತುತ್ತದೆ, ಮತ್ತೆ ಬೀಳುತ್ತದೆ. ಅಮ್ಮಕೋತಿ ಪ್ರತಿ ಪುಟದಲ್ಲೂ "ಬಿಡು ಮರಿ, ಬಿಡು" ಎನ್ನುತ್ತದೆ. ಒಂದು ಪುಟಕ್ಕೆ ಒಂದೇ ಸಾಲು. ಕನ್ನಡಕವಿಲ್ಲದೆ ಓದುವಷ್ಟು ದೊಡ್ಡ ಅಕ್ಷರ. ನಾನು ಓದುತ್ತಾ ಹೋದೆ. ಇಂಚರಾ, ನೀನು ನನ್ನ ತೊಡೆಯ ಮೇಲಿದ್ದೆ. ನಿನಗೆ ಇನ್ನೂ ಅಕ್ಷರ ಕೂಡಿಸಲು ಬರುವುದಿಲ್ಲ. ಹಾಗಾಗಿ ನೀನು ಚಿತ್ರ ನೋಡುತ್ತಿದ್ದೆ.

"ಅಜ್ಜಿ, ಅಮ್ಮಕೋತಿ ಕೈಯಲ್ಲೂ ಏನೋ ಐತೆ ನೋಡು."

"ಎಲ್ಲೇ?"

"ಇಲ್ಲಿ. ಹಿಂದ್ಗಡೆ ಮುಚ್ಚಿಟ್ಕೊಂಡೈತೆ."

ನೋಡಿದೆ. ನಿಜ. ಬೆನ್ನ ಹಿಂದಿನ ಕೈಯಲ್ಲಿ ಒಂದು ತೆಂಗಿನ ಚಿಪ್ಪು. ಹಿಂದಿನ ಪುಟ ತಿರುಗಿಸಿದೆ, ಅಲ್ಲೂ ಇತ್ತು. ಮೊದಲ ಪುಟದಿಂದಲೂ ಇತ್ತು. ಕತೆಯ ಮಾತಿನಲ್ಲಿ ಚಿಪ್ಪಿನ ಸೊಲ್ಲೇ ಇಲ್ಲ. ಚಿತ್ರ ಬರೆದವರಿಗೂ ನಿನಗೂ ಮಾತ್ರ ಗೊತ್ತಿದ್ದ ವಿಷಯ ಅದು. ಆಗ ನನ್ನ ಕೈ ಎಲ್ಲಿದೆ ಎಂದು ನೋಡಿಕೊಂಡೆ. ಒಂದು ಕೈ ಪುಸ್ತಕದ ಮೇಲಿತ್ತು. ಇನ್ನೊಂದು ಸೊಂಟದ ಸಂಚಿಯೊಳಗಿತ್ತು.

ಆ ಸಂಚಿ ನಿಮಗೆ ಗೊತ್ತು. ನನ್ನ ಎಲೆ ಅಡಿಕೆಯ ಬಟ್ಟೆಚೀಲ. ಅದರ ಒಳಗಿನ ಅರೆಯಲ್ಲಿ ಹೊಗೆಸೊಪ್ಪು ಇರುತ್ತದೆ ಎಂದು ನಿಮಗೆ ಗೊತ್ತಿರಲಿಲ್ಲ. ನಿಮ್ಮಪ್ಪ ಹುಟ್ಟಿದ ವರ್ಷ ಹಲ್ಲುನೋವಿಗೆಂದು ನಮ್ಮತ್ತೆ ಒಂದು ಚೂರು ಕೊಟ್ಟಿದ್ದರು. ಹಲ್ಲು ಉದುರಿತು, ಹೊಗೆಸೊಪ್ಪು ಉಳಿಯಿತು.

ಇನ್ನೊಂದು ಪುಸ್ತಕವನ್ನು ನಿಮ್ಮಪ್ಪನ ಪರವಾಗಿ ಓದಲು ಕೂತೆ. ತೆಳ್ಳಗಿನ ಪುಸ್ತಕ, ಹೆದರಿಸುವ ಚಿತ್ರಗಳಿಲ್ಲ. ಮುಂದೆ ಎಂದಾದರೂ ಯಾರಿಗಾದರೂ ಇಂಥ ಪುಸ್ತಕ ಕೊಡಬೇಕಾಗಿ ಬಂದರೆ ಹೆದರಿಸುವುದನ್ನು ಕೊಡಬೇಡಿ. ಹೆದರಿದವರಿಗೆ ಮೊದಲು ಬೇಕಾಗುವುದೇ ಒಂದು ಬೀಡಿ. ಈ ಪುಸ್ತಕದಲ್ಲಿ ಪ್ರಶ್ನೆಗಳಿದ್ದವು, ಉತ್ತರ ಬರೆಯಲು ಖಾಲಿ ಗೆರೆಗಳಿದ್ದವು. ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೆಯದು ಬೇಕು? ಯಾರ ಮುಂದೆ ಮುಚ್ಚಿಡುತ್ತೀರಿ? ಮೊದಲನೆಯದನ್ನು ಯಾರು ಕೊಟ್ಟರು? ಎಲ್ಲಕ್ಕೂ ನನ್ನದೇ ಉತ್ತರ ಇತ್ತು. ಇಪ್ಪತ್ತನೆಯ ಪುಟದಲ್ಲಿ, ಸೇದುವುದು, ಜಗಿಯುವುದು, ಮೂಗಿಗೇರಿಸುವುದು ಎಲ್ಲಾ ಒಂದೇ ಬಳಗ ಎಂದು ಬರೆದಿತ್ತು. ಊರವರ ನಗೆ ನೆನಪಾಯಿತು. ಅವರು ಹೇಳಿದ್ದರಲ್ಲಿ ಸುಳ್ಳು ಅರ್ಧ ಮಾತ್ರ.

ಹತ್ತು ದಿನದಲ್ಲಿ ಆರನೆಯ ದಿನ ಸಂಜೆ. ನಿಮ್ಮಪ್ಪ ಬಚ್ಚಲ ಹಿಂದೆ ಹೋದ. ನಾನು ಚಪ್ಪಲಿ ಬಿಟ್ಟು ಹೊರಟೆ. ಮೂಲೆಗೆ ಬಂದಾಗ ಗಂಟಲು ತಾನೇ ತಾನಾಗಿ ಕೆಮ್ಮಲು ಹೊರಟಿತು. ಅಷ್ಟು ವರ್ಷದ ಅಭ್ಯಾಸ. ಸೆರಗನ್ನು ಬಾಯಿಗೆ ಒತ್ತಿ ಹಿಡಿದೆ. ಕಣ್ಣಲ್ಲಿ ನೀರು ಬಂತು. ಕೆಮ್ಮದೆ ಹೋಗಿ ಎದುರಿಗೆ ನಿಂತೆ.

ಅವನು ಬೆಚ್ಚಿ, ಉರಿಯುವ ಸಿಗರೇಟನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ.

"ಏನವ್ವಾ?"

"ನುಗ್ಗೆಕಾಯಿ ನೋಡಾಣ ಅಂತ ಬಂದೆ."

"ಈಗೆಲ್ಲೈತೆ ಕಾಯಿ?"

ಇರಲಿಲ್ಲ. ನಾನು ಹೋಗಲೂ ಇಲ್ಲ. ಅವನ ಬೆರಳ ಸಂದಿಯಿಂದ ಹೊಗೆ ದಾರದಂತೆ ಏಳುತ್ತಿತ್ತು. ಮುಖ ಕಿವುಚಿಕೊಂಡಿದ್ದ.

"ಕೈ ಬಿಡೋ ನಾಗು. ಸುಡ್ತದೆ."

"ಏನೂ ಇಲ್ಲ ಕಣವ್ವ. ನೀನು ಒಳಿಕ್ಕೆ ನಡಿ."

"ನಾನು ಹೋಗಲ್ಲ. ಬಿಡು ಕೈಯ."

ಇನ್ನೂ ಒಂದು ಗಳಿಗೆ ಹಿಡಿದುಕೊಂಡೇ ನಿಂತ. ಆಮೇಲೆ ಬಿಟ್ಟ. ಅಂಗೈಯಲ್ಲಿ ಹುಣಸೆಬೀಜದಷ್ಟು ಕೆಂಪಗಾಗಿತ್ತು. ಕೈ ಕೊಡವುತ್ತಾ ರೇಗಿದ: "ಒಂದು ಸಲ ಕೆಮ್ಮಬಾರ್ದೇನವ್ವಾ ನೀನು!"

"ಕೆಮ್ಮಿ ಕೆಮ್ಮಿನೇ ಇಲ್ಲಿಗೆ ಬಂದೈತೆ."

"ನೀನು ಮಾಡಿರೋದೇನು ಕಮ್ಮಿನಾ? ಫ್ಯಾಕ್ಟ್ರಿಲಿ ಆ ರವಿ, 'ಏನ್ ಗುರು, ನಿಮ್ಮವ್ವ ಬೀಡಿ ಬಿಡ್ತಾವ್ರಂತೆ, ನೀನ್ಯಾವಾಗ?' ಅಂತಾನೆ. ಎಲ್ಲ ನಗ್ತಾರೆ. ನಾನು ಮುಖ ಎಲ್ಲಿಟ್ಕೊಳ್ಳಲಿ?"

"ನಿನ್ನ ಹೆಸರು ಹೇಳಿದ್ರೆ ಎಲ್ಲಿಟ್ಕೊಳ್ತಿದ್ದೆ?"

ಅವನು ನೆಲ ನೋಡುತ್ತಾ ಹೇಳಿದ ಮಾತನ್ನು ನಾನು ಎಣಿಸಿರಲೇ ಇಲ್ಲ.

"ಅವ್ವಾ, ಅಪ್ಪ ಬೀಡಿ ಹತ್ತಿಸ್ಕೊಂಡು ಬಾ ಅಂತ ನನ್ನೇ ಕಳಿಸ್ತಿತ್ತು. ನೀನು ಒಲೆ ಮುಂದೆ ಕೂತು ಹತ್ತಿಸಿಕೊಟ್ಟು, ಆರಿಸ್ಬೇಡ ಕಣೋ ಅಂತಿದ್ದೆ. ಬೀಡಿ ಆರದಂಗೆ ಹೆಂಗೆ ತಗೊಂಡೋಗೋದು? ದಾರಿನಾಗೆ ಒಂದು ದಮ್ಮು ಎಳೀಲೇಬೇಕು."

ನಿಜ, ಮಕ್ಕಳೇ. ಆಗ ಎಲ್ಲರ ಮನೆಯಲ್ಲೂ ಹಾಗೆಯೇ. ಗಂಡಸರು ಜಗಲಿಯಲ್ಲಿ ಕೂತು ಮಕ್ಕಳ ಕೈಯಲ್ಲಿ ಬೀಡಿ ಕಳಿಸುವರು. ನಾವು ಒಲೆಯ ಕೊಳ್ಳಿಗೆ ಹಿಡಿದು, ಮಗುವಿನ ಕೈಗೆ ಕೊಟ್ಟು ಕಳಿಸುವೆವು. ಆರು ವರ್ಷದ ಮಗು ಅದನ್ನು ಆರದಂತೆ ಒಯ್ಯುವುದು ಹೇಗೆ ಎಂದು ಒಂದು ದಿನವೂ ನನಗೆ ಹೊಳೆಯಲಿಲ್ಲ. ಆರಿಸದೆ ತಲುಪಿಸಿದರೆ ಜಾಣ ಎಂದು ತಲೆ ಸವರುತ್ತಿದ್ದೆ. ಪುಸ್ತಕದ ಪ್ರಶ್ನೆ ಮತ್ತೆ ಎದುರಿಗೆ ಬಂದು ನಿಂತಿತು: ಮೊದಲನೆಯದನ್ನು ಯಾರು ಕೊಟ್ಟರು? ಅವನ ಗೆರೆಯಲ್ಲಿ ನನ್ನ ಹೆಸರನ್ನೇ ಬರೆಯಬೇಕಿತ್ತು.

ಸೊಂಟದಿಂದ ಸಂಚಿ ಬಿಚ್ಚಿ ಅವನ ಸುಟ್ಟ ಕೈಯಲ್ಲಿಟ್ಟೆ.

"ಇದ್ರಾಗೇನೈತೆ ನಿಂಗೂ ಗೊತ್ತು. ಇದು ನಿನ್ನ ತಾವ ಇರ್ಲಿ. ನಾಳೆ ಡಾಕ್ಟ್ರ ತಾವ ಹೋಗಿ ನಿಜ ಹೇಳಾಣ."

"ನೀನು ಬಿಡ್ತೀಯಾ?" ಎಂದು ಕೇಳಿದ. ನಗುತ್ತಿದ್ದನೋ ಅಳುತ್ತಿದ್ದನೋ ತಿಳಿಯಲಿಲ್ಲ.

"ಬೀಡಿ ಬಿಡ್ತೀನಿ ಅಂತ ಊರಿಗೆಲ್ಲಾ ಹೇಳಾಗೈತಲ್ಲಪ್ಪ."

ಮಾರನೆಯ ದಿನ ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. "ಹೋದ ಸಲ ಇಲ್ಲ ಅಂದ್ರಲ್ರೀ?"

"ಅವತ್ತು ಅವ್ವ ಜೊತೇಲಿದ್ರು ಸಾರ್."

"ಇವತ್ತೂ ಇದ್ದಾರಲ್ಲ?"

"ಇವತ್ತು ಅವ್ವನೇ ಎಳ್ಕೊಂಡು ಬಂದವ್ರೆ ಸಾರ್."

ಡಾಕ್ಟರು ನಕ್ಕು ಹಳೆಯ "ಇಲ್ಲ" ಹೊಡೆದುಹಾಕಿದರು. ನಕ್ಕಮೇಲೆ ಬೈದರು. ಆಪರೇಷನ್ ಅಂದಿನಿಂದ ಐದು ವಾರಕ್ಕೆ ಮುಂದೆ ಹೋಯಿತು.

ಆ ಐದು ವಾರವನ್ನು ವರ್ಣಿಸಿ ನಿಮ್ಮನ್ನು ಗೋಳಾಡಿಸುವುದಿಲ್ಲ. ನನ್ನ ತಲೆ ಒಡೆಯುತ್ತಿತ್ತು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮೂರು ಸಲ ಹಾಕಿದ್ದು ನಿಮಗೆ ನೆನಪಿದೆ. ನಿಮ್ಮಪ್ಪ ತಟ್ಟೆ ಸರಿಸಿ ಎದ್ದುಹೋದದ್ದೂ ನೆನಪಿದೆ. ಆಸೆ ಬಂದಾಗ ಐದು ನಿಮಿಷ ಮುಂದೂಡಿ, ನೀರು ಕುಡಿಯಿರಿ, ಕೈಗೆ ಕೆಲಸ ಕೊಡಿ ಎಂದು ಪುಸ್ತಕ ಹೇಳಿತ್ತು. ಹಾಗಾಗಿ ಸಂಜೆ ನಾವಿಬ್ಬರೂ ನುಗ್ಗೆ ಮರದ ಕೆಳಗೆ ಚೊಂಬು ನೀರಿಟ್ಟುಕೊಂಡು ಕೂತು ಕಡಲೆಕಾಯಿ ಸುಲಿಯುತ್ತಿದ್ದೆವು. ಐದು ನಿಮಿಷ ಎಷ್ಟು ಉದ್ದ ಎಂದು ಹೆರಿಗೆನೋವಿನಲ್ಲಿ ಒಂದು ಸಲ ತಿಳಿದಿತ್ತು, ಈಗ ಇನ್ನೊಂದು ಸಲ ತಿಳಿಯಿತು. ಮೂರನೆಯ ದಿನ ಅವನು ಬೈಕು ನಿಲ್ಲಿಸಿ ನೇರವಾಗಿ ನನ್ನ ಹತ್ತಿರ ಬಂದು, "ಇವತ್ತು ಒಂದು ಸೇದ್ಬಿಟ್ಟೆ ಕಣವ್ವ" ಅಂದ. ಅಷ್ಟು ವರ್ಷದಲ್ಲಿ ಆ ಮಾತನ್ನು ಅವನ ಬಾಯಿಂದ ಕೇಳಿದ್ದು ಅದೇ ಮೊದಲು. ಬೈಯಬೇಕಾಗಿತ್ತು. ನನಗೆ ಯಾಕೋ ಹಬ್ಬದಂತಾಯಿತು. ನಾನೂ ಹೇಳಿಕೊಂಡೆ: ಗಂಗಮ್ಮ ಕೊಟ್ಟ ಎಲೆಯಲ್ಲಿ ಒಂದು ಚೂರು ಹೊಗೆಸೊಪ್ಪು ಇತ್ತು, ಉಗಿಯಲಿಲ್ಲ ಎಂದು. ಇಬ್ಬರೂ ಮತ್ತೆ ಒಂದರಿಂದ ಎಣಿಸಲು ಶುರುಮಾಡಿದೆವು.

ಇವತ್ತು ಬೆಳಿಗ್ಗೆ ಈ ಬಾಗಿಲಲ್ಲಿ ನರ್ಸಮ್ಮ ಕೇಳಿದಳು: "ಬೀಡಿ, ಸಿಗರೇಟು?" ನಿಮ್ಮಪ್ಪ ನನ್ನ ಕಡೆ ನೋಡಿದ. ಅದೇ ಹಳೆಯ ನೋಟ. ಈ ಸಲ ನಾನು ಕ್ಯಾಲೆಂಡರ್ ಹುಡುಕಲಿಲ್ಲ, ಅವನ ಮುಖವನ್ನೇ ನೋಡಿದೆ.

"ಇತ್ತು ಮೇಡಂ," ಅಂದ. "ಬಿಟ್ಟು ಮೂವತ್ತೆರಡು ದಿನ."

ಬರೆಯುವುದನ್ನು ಇಲ್ಲಿಗೆ ನಿಲ್ಲಿಸಿದ್ದೆ. ಆಮೇಲೆ ಬಾಗಿಲು ತೆರೆಯುವವರೆಗೆ ಪೆನ್ನು ಹಿಡಿಯಲು ಕೈ ಬರಲಿಲ್ಲ. ಡಾಕ್ಟರು ಹೊರಗೆ ಬಂದು, ಏನೂ ತೊಂದರೆಯಾಗಲಿಲ್ಲ, ಉಸಿರು ಚೆನ್ನಾಗಿತ್ತು ಅಂದರು. ಔಷಧಿ ತಂದು ಪಕ್ಕದಲ್ಲಿ ನಿಂತಿದ್ದ ನಿಮ್ಮಮ್ಮ ಅಲ್ಲೇ ಗೋಡೆಗೆ ಕೈ ಮುಗಿದಳು. ಈಗ ಅವನನ್ನು ವಾರ್ಡಿಗೆ ತಂದಿದ್ದಾರೆ, ಇನ್ನೂ ಅರೆಮತ್ತಿನಲ್ಲಿದ್ದಾನೆ. ನಾನು ಬಾಗಿಲ ಹತ್ತಿರ ಹೋದವಳು ಅಭ್ಯಾಸಬಲದಿಂದ ಒಂದು ಸಲ ಕೆಮ್ಮಿದೆ. ಅವನು ಕಣ್ಣು ಮುಚ್ಚಿಕೊಂಡೇ, "ಬಾರವ್ವಾ, ಏನೂ ಇಲ್ಲ," ಅಂದ. ಎರಡು ಕೈಯನ್ನೂ ಹೊದಿಕೆಯ ಮೇಲೆ ಬಿಡಿಸಿ ಇಟ್ಟಿದ್ದ. ಅಂಗೈಯಲ್ಲಿ ಸುಟ್ಟ ಕಲೆ ಮಾತ್ರ ಇತ್ತು.

ಮಕ್ಕಳೇ, ಚಿತ್ರದ ಪುಸ್ತಕವನ್ನು ಗ್ರಂಥಾಲಯಕ್ಕೆ ಹಿಂದಿರುಗಿಸುವ ಮೊದಲು ಇನ್ನೊಂದು ಸಲ ನೋಡಿ. ಓದುವುದಕ್ಕಿಂತ ನೋಡಿ. ಕೊನೆಯ ಪುಟದಲ್ಲಿ ಮರ ಹತ್ತುತ್ತಿರುವ ಕೋತಿಗಳು ಎಷ್ಟು ಎಂದು ಇಂಚರಾ ಎಣಿಸಲಿ. ನೆಲದ ಮೇಲೆ ಬಿದ್ದಿರುವ ಸಾಮಾನು ಏನೇನು ಎಂದು ಸಿಂಚನಾ ಹೇಳಲಿ. ಇನ್ನೊಂದು ಪುಸ್ತಕವನ್ನು ನಾನೇ ಕೊಟ್ಟುಬರುತ್ತೇನೆ. ರಿಜಿಸ್ಟರಿನಲ್ಲಿ ನನ್ನ ಹೆಸರು ಹಾಗೆಯೇ ಇರಲಿ.

ನೀವು ಓದಿ ಕೊಟ್ಟ ಮೇಲೆ ಈ ಹಾಳೆಗಳನ್ನು ನಾಲ್ಕು ಮಡಿಕೆ ಮಾಡಿದರೆ ನನ್ನ ಸಂಚಿಯೊಳಗೆ ಹಿಡಿಸುತ್ತವೆ. ನಿಮ್ಮಪ್ಪ ಅದನ್ನು ತೊಳೆದು, ಒಣಗಿಸಿ, ಬೆಳಿಗ್ಗೆ ಆಸ್ಪತ್ರೆಗೆ ಹೊರಡುವಾಗ ನನಗೆ ವಾಪಸು ಕೊಟ್ಟ. ಒಳಗಿನ ಅರೆಯಲ್ಲಿ ಇನ್ನೂ ಸ್ವಲ್ಪ ವಾಸನೆ ಇದೆ. ಅಲ್ಲಿ ಏನೂ ಇಲ್ಲದಿದ್ದರೆ ನನ್ನ ಕೈ ಮತ್ತೆ ಹಳೆಯದನ್ನೇ ಹುಡುಕೀತು. ಅದಕ್ಕೇ ಇವನ್ನು ಅಲ್ಲಿಡುತ್ತೇನೆ. ನನ್ನ ಕಾಲ ಮುಗಿದ ಮೇಲೆ ಸಂಚಿಯನ್ನು ಒಲೆಗೆ ಹಾಕಬೇಡಿ, ಹಾಳೆಗಳ ಸಮೇತ ಜೋಪಾನವಾಗಿ ಇಟ್ಟುಕೊಳ್ಳಿ.